ಆ ಡಿಲೇ ತೆಗೆಯಿರಿ: ಕರ್ನಲ್ ಪೋರ್ಟ್ ಮಾಡುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಮಣಿಪಾಲದ ಎಂಐಟಿ, ನಿಟ್ಟೆಯ ಎನ್‌ಎಂಎಎಂಐಟಿ, ಬಂಟಕಲ್ಲಿನ ಮಧ್ವ ವಾದಿರಾಜ ತಾಂತ್ರಿಕ ಕಾಲೇಜು, ಜಿಲ್ಲೆಯ ಪಾಲಿಟೆಕ್ನಿಕ್‌ಗಳು, ಇಲ್ಲೆಲ್ಲ ಓದುತ್ತ ಒಂದು ಪುಟ್ಟ ಬೋರ್ಡಿನ ಮೇಲೆ ಆಪರೇಟಿಂಗ್ ಸಿಸ್ಟಮ್ ಕರ್ನಲ್ ಏಳಿಸಲು ಹೊರಟಿರುವ ಗೆಳೆಯರೇ,

ನಾನು ಕಾಪುವಿನವನು. ಕರ್ನಲ್‌ಗಳನ್ನು ಒಂದು ಚಿಪ್‌ನಿಂದ ಇನ್ನೊಂದಕ್ಕೆ ಒಯ್ಯುವುದೇ ನನ್ನ ಹೊಟ್ಟೆಪಾಡು. ಕೆಲವು ವರ್ಷಗಳಿಂದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಕೋಡ್ ಓದಿ ಅಭಿಪ್ರಾಯ ಹೇಳುವ ಕೆಲಸವೂ ಜತೆಗೆ ಸೇರಿಕೊಂಡಿದೆ. ಕೋಡ್ ಎಲ್ಲೆಲ್ಲಿಂದಲೋ ಬರುತ್ತದೆ, ಹೊರರಾಜ್ಯಗಳಿಂದಲೂ ಬರುತ್ತದೆ. ಎಲ್ಲಿಂದ ಬಂದರೂ ಅದರಲ್ಲಿ ಒಂದು ಸಾಲು ಮಾತ್ರ ಮತ್ತೆ ಮತ್ತೆ ಕಾಣುತ್ತದೆ. ಡ್ರೈವರ್‌ನ ನಡುವೆ, ಡಿವೈಸ್‌ಗೆ ಆಜ್ಞೆ ಕೊಟ್ಟಾದ ಮೇಲೆ, ಹತ್ತು ಮಿಲಿಸೆಕೆಂಡಿನ ಒಂದು ಡಿಲೇ. ಪಕ್ಕದಲ್ಲೇ ಕಾಮೆಂಟ್: ಇದನ್ನು ತೆಗೆದರೆ ಡ್ರೈವರ್ ಕೆಲಸ ಮಾಡುವುದಿಲ್ಲ. ಕೆಲವರು ಡಿಲೇ ಬದಲು ಒಂದು ಪ್ರಿಂಟ್ ಹಾಕಿರುತ್ತಾರೆ. ಇನ್ನು ಕೆಲವರು ಡೇಟಾ ಕ್ಯಾಶ್ ಅನ್ನೇ ಆಫ್ ಮಾಡಿ ಕೈತೊಳೆದುಕೊಂಡಿರುತ್ತಾರೆ. ವರದಿಯಲ್ಲಿ ಮೂವರೂ ಬರೆಯುವುದು ಒಂದೇ ಮಾತು: ಸಮಸ್ಯೆ ಬಗೆಹರಿಯಿತು.

ಬಗೆಹರಿದಿಲ್ಲ. ಕಣ್ಣಿಗೆ ಕಾಣದಂತಾಗಿದೆ ಅಷ್ಟೆ. ಡ್ರೈವರ್‌ನಲ್ಲಿ ನಿಜಕ್ಕೂ ಕಲಿಯುವಂಥದ್ದು ಏನಿತ್ತೋ ಅದನ್ನೇ ಆ ಡಿಲೇ ಮುಚ್ಚಿಬಿಟ್ಟಿದೆ. ಅದನ್ನು ತೆಗೆಯಿರಿ, ತಪ್ಪು ಮತ್ತೆ ಎದುರಿಗೆ ಬರಲಿ, ಬಂದಾಗ ಅದನ್ನು ನೋಡುವುದು ಹೇಗೆಂದು ಕಲಿಯಿರಿ. ಇದನ್ನು ಕೇಳಿಕೊಳ್ಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು, ಒಳಗೆ ನಡೆಯುವುದೇನು? ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಲು ಪಿಗ್ಮಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನಾ ಮನೆ, ಅಂಗಡಿಗಳ ಬಾಗಿಲಿಗೆ ಬಂದು ಎರಡಾಣೆ ಆದರೂ ಸರಿ, ಸಂಗ್ರಹಿಸಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಹಣ ಏಜೆಂಟರ ಪುಸ್ತಕದಲ್ಲಿದೆ, ಬ್ಯಾಂಕಿನ ಲೆಡ್ಜರ್‌ನಲ್ಲಿ ಇನ್ನೂ ಇಲ್ಲ. ಅದೇ ಹೊತ್ತಿನಲ್ಲಿ ಕೌಂಟರಿಗೆ ಹೋಗಿ ಯಾರಾದರೂ ಲೆಡ್ಜರ್ ತೆರೆಸಿದರೆ ನಿನ್ನೆಯ ಮೊತ್ತವೇ ಕಾಣುತ್ತದೆ. ಏಜೆಂಟರೂ ಸುಳ್ಳು ಹೇಳುತ್ತಿಲ್ಲ, ಲೆಡ್ಜರೂ ಸುಳ್ಳು ಹೇಳುತ್ತಿಲ್ಲ. ಪ್ರೊಸೆಸರಿನ ಕ್ಯಾಶ್ ಅಂದರೆ ಆ ಏಜೆಂಟರ ಪುಸ್ತಕ, ಮುಖ್ಯ ಮೆಮೊರಿ ಅಂದರೆ ಲೆಡ್ಜರ್. ನೆಟ್‌ವರ್ಕ್ ಚಿಪ್, ಎಸ್‌ಡಿ ಕಾರ್ಡ್ ಕಂಟ್ರೋಲರ್, ಡಿಸ್‌ಪ್ಲೇ ಇವೆಲ್ಲ ಡಿಎಂಎ ಮೂಲಕ ನೇರವಾಗಿ ಲೆಡ್ಜರ್ ಓದಿ ಬರೆಯುವವರು. ಏಜೆಂಟರ ಪುಸ್ತಕ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಪುಸ್ತಕದಲ್ಲಿರುವುದನ್ನು ಲೆಡ್ಜರ್‌ಗೆ ಏರಿಸುವುದಕ್ಕೆ ನಮ್ಮ ಕೆಲಸದಲ್ಲಿ ಕ್ಲೀನ್ ಎನ್ನುತ್ತಾರೆ. ಪುಸ್ತಕದ ಹಾಳೆ ಹರಿದುಹಾಕಿ ಮುಂದಿನ ಸಲ ಲೆಡ್ಜರ್ ನೋಡಿಯೇ ಬರೆದುಕೊಳ್ಳುವುದಕ್ಕೆ ಇನ್‌ವ್ಯಾಲಿಡೇಟ್ ಎನ್ನುತ್ತಾರೆ. ಏರಿಸುವ ಮುನ್ನವೇ ಹಾಳೆ ಹರಿದರೆ ಗ್ರಾಹಕರ ಹಣ ಹೋಯಿತು. ಎರಡರ ನಡುವಿನ ಈ ವ್ಯತ್ಯಾಸ ಚೆನ್ನಾಗಿ ನೆನಪಿರಲಿ, ಮುಂದೆ ಹೇಳುವ ಅರ್ಧದಷ್ಟು ತಪ್ಪುಗಳು ಇಲ್ಲೇ ಹುಟ್ಟುತ್ತವೆ.

ನೀವು ಮನೆಯಲ್ಲಿ ಬಳಸುವ ಲ್ಯಾಪ್‌ಟಾಪಿನ ಎಕ್ಸ್86 ಪ್ರೊಸೆಸರ್‌ನಲ್ಲಿ ಈ ತೊಂದರೆ ಎದುರಾಗುವುದೇ ಇಲ್ಲವೆನ್ನಬಹುದು. ಡಿವೈಸ್ ಮೆಮೊರಿಗೆ ಕೈಹಾಕಿದಾಗ ಹಾರ್ಡ್‌ವೇರೇ ಕ್ಯಾಶ್‌ಗಳನ್ನು ವಿಚಾರಿಸಿ ಹೊಂದಿಸಿಕೊಳ್ಳುತ್ತದೆ. ಆರ್ಮ್, ಮಿಪ್ಸ್, ರಿಸ್ಕ್-ಫೈವ್ ಲೋಕದ ಅಗ್ಗದ ಚಿಪ್‌ಗಳಲ್ಲಿ ಆ ವ್ಯವಸ್ಥೆಗೆ ಬೇಕಾದ ಸಿಲಿಕಾನ್ ಉಳಿಸಿರುತ್ತಾರೆ, ಆ ಹೊಣೆ ಕರ್ನಲ್ ಬರೆಯುವವರ ಮೇಲೆ ಬೀಳುತ್ತದೆ. ನಿಮ್ಮ ಮೇಜಿನ ಮೇಲಿರುವುದು ಹೆಚ್ಚಾಗಿ ಇಂಥದೇ ಚಿಪ್.

ಹೀಗಿದ್ದೂ ಈ ತಪ್ಪು ಬಹಳ ತಡವಾಗಿ ಕಾಣಿಸಿಕೊಳ್ಳಲು ಒಂದು ಕಾರಣವಿದೆ. ಆಪರೇಟಿಂಗ್ ಸಿಸ್ಟಮ್ ಪಾಠಕ್ಕೆ ಈಗ ಹಲವು ಕಡೆ ಎಕ್ಸ್‌ವಿ6 ಬಳಸುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2006ರಲ್ಲಿ ಪಾಠಕ್ಕೆಂದೇ ಬರೆದ ಕರ್ನಲ್ ಅದು, 2019ರಿಂದ ರಿಸ್ಕ್-ಫೈವ್ ಮೇಲೆ ನಡೆಯುತ್ತದೆ. ಬಹಳ ಒಳ್ಳೆಯ ಕರ್ನಲ್, ಓದಲೇಬೇಕಾದದ್ದು. ಆದರೆ ಅದು ಓಡುವುದು ಕ್ಯೂಎಮು ಎಮ್ಯುಲೇಟರ್ ಒಳಗೆ. ಕ್ಯೂಎಮು ಆಜ್ಞೆಗಳನ್ನು ಅನುಕರಿಸುತ್ತದೆ, ಕ್ಯಾಶ್ ಅನ್ನು ಅನುಕರಿಸುವುದಿಲ್ಲ. ಬರೆದ ಕೂಡಲೇ ಎಲ್ಲರಿಗೂ ಕಾಣುತ್ತದೆ. ಅದರೊಳಗಿನ ಇ1000 ನೆಟ್‌ವರ್ಕ್ ಕಾರ್ಡಿಗೆ ನೀವು ಬರೆದ ಡ್ರೈವರ್‌ನಲ್ಲಿ ಒಂದೇ ಒಂದು ಕ್ಯಾಶ್ ಆಜ್ಞೆ ಇಲ್ಲದಿದ್ದರೂ ಎಲ್ಲ ಪರೀಕ್ಷೆ ಪಾಸಾಗುತ್ತದೆ. ಅದೇ ರೀತಿ ಬರೆದ ಡ್ರೈವರನ್ನು ನಿಜವಾದ ಬೋರ್ಡಿಗೆ ತಂದಾಗ ಹತ್ತರಲ್ಲಿ ಒಂದು ಪ್ಯಾಕೆಟ್ ಹಳೆಯದು ಬರುತ್ತದೆ, ತಲೆಬುಡ ತಿಳಿಯುವುದಿಲ್ಲ, ಡಿಲೇ ಬಂದು ಕೂರುತ್ತದೆ. ಎಮ್ಯುಲೇಟರ್‌ನಲ್ಲಿ ಸರಿ, ಬೋರ್ಡಿನಲ್ಲಿ ತಪ್ಪು ಎಂದಾದರೆ ಬೋರ್ಡನ್ನು ಬೈಯುವ ಮೊದಲು ಎಮ್ಯುಲೇಟರ್ ನಿಮಗೆ ಏನನ್ನು ತೋರಿಸಿಲ್ಲ ಎಂದು ಕೇಳಿಕೊಳ್ಳಿ.

ಈ ತಪ್ಪನ್ನು ಕಣ್ಣಾರೆ ನೋಡುವ ಒಂದು ದಾರಿ ಇದೆ. ನನ್ನ ಕೈಗೆ ಯಾರೇ ಸಿಕ್ಕಿದರೂ ಮೊದಲು ಇದನ್ನೇ ಮಾಡಿಸುತ್ತೇನೆ. ರಾಸ್ಪ್‌ಬೆರಿ ಪೈ 3 ತೆಗೆದುಕೊಳ್ಳಿ. ನಾಲ್ಕು ಕಾರ್ಟೆಕ್ಸ್-ಎ53 ಕೋರ್, ಕೋರ್‌ಗೆ 32 ಕಿಲೋಬೈಟ್ ಡೇಟಾ ಕ್ಯಾಶ್, ಎಲ್ಲಕ್ಕೂ ಸೇರಿ 512 ಕಿಲೋಬೈಟ್‌ನ ಎರಡನೇ ಹಂತದ ಕ್ಯಾಶ್. ಎಂಎಂಯು ಆನ್ ಮಾಡಿ, ಫ್ರೇಮ್‌ಬಫರ್ ಇರುವ ಮೆಮೊರಿಯನ್ನು ಬೇಕೆಂದೇ ಸಾಮಾನ್ಯ ಕ್ಯಾಶ್ ಆಗುವ ಮೆಮೊರಿ ಎಂದು ಮ್ಯಾಪ್ ಮಾಡಿ. ಈಗ ಇಡೀ ಪರದೆಗೆ ಒಂದೇ ಬಣ್ಣ ತುಂಬಿ, ಅದರ ಮೇಲೆ ಇನ್ನೊಂದು ಬಣ್ಣ ತುಂಬಿ, ಪ್ರೊಸೆಸರನ್ನು ಸುಮ್ಮನೆ ನಿಲ್ಲಿಸಿ. ಪರದೆಯ ಬಹುಭಾಗ ಎರಡನೇ ಬಣ್ಣ ತಳೆದಿರುತ್ತದೆ. ಆದರೆ ಅಲ್ಲಲ್ಲಿ, ಅದರಲ್ಲೂ ಕೊನೆಗೆ ಬರೆದ ಕಡೆ, ಹಳೆಯ ಬಣ್ಣದ ಸಣ್ಣ ಸಣ್ಣ ಅಡ್ಡಗೆರೆಗಳು ಉಳಿದಿರುತ್ತವೆ. ಹತ್ತಿರ ಹೋಗಿ ಒಂದು ಗೆರೆಯ ಪಿಕ್ಸೆಲ್ ಎಣಿಸಿ. ಹದಿನಾರು, ಅಥವಾ ಹದಿನಾರರ ಗುಣಕ. ಪಿಕ್ಸೆಲ್ ಒಂದಕ್ಕೆ 4 ಬೈಟ್, ಹದಿನಾರಕ್ಕೆ 64 ಬೈಟ್. ಈ ಪ್ರೊಸೆಸರಿನ ಒಂದು ಕ್ಯಾಶ್ ಲೈನ್ ಇರುವುದೂ 64 ಬೈಟ್. ನಿಮ್ಮ ಎದುರಿನ ಪರದೆಯಲ್ಲಿ ನೀವು ನೋಡುತ್ತಿರುವುದು ಕ್ಯಾಶ್ ಲೈನ್‌ಗಳನ್ನೇ. ಬರೆದ ಬಣ್ಣ ಎರಡನೇ ಹಂತದ ಕ್ಯಾಶಿನಲ್ಲೇ ಕುಳಿತಿದೆ, ಡಿಸ್‌ಪ್ಲೇ ಓದುವ ಮೆಮೊರಿಗೆ ಇನ್ನೂ ಇಳಿದಿಲ್ಲ. ಈಗ ಬೇರೊಂದು ಜಾಗದಿಂದ ಒಂದಿಷ್ಟು ಮೆಗಾಬೈಟ್ ಮೆಮೊರಿ ಓದಿಸಿ. ಹೊಸದಕ್ಕೆ ಜಾಗ ಮಾಡಿಕೊಡಲು ಹಳೆಯ ಲೈನ್‌ಗಳು ಹೊರಬಿದ್ದು ಗೆರೆಗಳು ಒಂದೊಂದಾಗಿ ಅಳಿಸಿಹೋಗುವುದು ಕಾಣುತ್ತದೆ. ಡಿಲೇ ಅಥವಾ ಪ್ರಿಂಟ್ ಹಾಕಿದಾಗ ತಪ್ಪು ಮಾಯವಾಗುವುದು ಏಕೆಂದು ಆಗ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರಿಂಟ್ ಮಾಡುವ ಕೋಡ್ ತನ್ನ ಕೆಲಸಕ್ಕೆ ಕ್ಯಾಶ್ ಬಳಸಿ ನಿಮ್ಮ ಡೇಟಾವನ್ನು ಹೊರದಬ್ಬಿತು. ಡಿಲೇ ಹೊತ್ತಿನಲ್ಲಿ ಟೈಮರ್ ಇಂಟರಪ್ಟೋ ಬೇರೊಂದು ಪ್ರೊಸೆಸ್ಸೋ ಓಡಿ ಅದೇ ಕೆಲಸ ಮಾಡಿತು. ನಾಳೆ ಕ್ಯಾಶ್ ದೊಡ್ಡದಿರುವ ಚಿಪ್ ಬಂದರೆ ಅದೇ ಡಿಲೇ ಸಾಲದು.

ಅಂದಹಾಗೆ ಫ್ರೇಮ್‌ಬಫರ್‌ಗೆ ಸರಿಯಾದ ಪರಿಹಾರ ಅದನ್ನು ಕ್ಯಾಶ್ ಆಗದ ಮೆಮೊರಿಯಾಗಿ ಮ್ಯಾಪ್ ಮಾಡುವುದೇ. ಪ್ರೊಸೆಸರ್ ಅಲ್ಲಿಗೆ ಬರೆಯುತ್ತದೆ, ಓದುವುದು ಅಪರೂಪ, ಬರಹಗಳನ್ನು ಒಟ್ಟುಗೂಡಿಸಿ ಕಳುಹಿಸಲು ಹಾರ್ಡ್‌ವೇರ್‌ಗೆ ಅವಕಾಶವೂ ಇರುತ್ತದೆ. ಕ್ಯಾಶ್ ಆಫ್ ಮಾಡುವುದು ಯಾವಾಗಲೂ ತಪ್ಪೆಂದು ನಾನು ಹೇಳುತ್ತಿಲ್ಲ. ಎಲ್ಲಿ, ಏಕೆ ಎಂದು ತಿಳಿದು ಮಾಡಿ. ನೆಟ್‌ವರ್ಕ್ ಪ್ಯಾಕೆಟ್ಟಿನ ಪ್ರತಿ ಬೈಟನ್ನೂ ಪ್ರೊಸೆಸರ್ ಓದಬೇಕು. ಪ್ರತಿ ಸಲ ಡಿರ‍್ಯಾಮ್ ತನಕ ಹೋಗಿಬರಲು ನೂರು ನ್ಯಾನೊಸೆಕೆಂಡಿನ ಆಸುಪಾಸು ಹಿಡಿಯುತ್ತದೆ, ಪೈ 3ರ 1.2 ಗಿಗಾಹರ್ಟ್ಸ್ ವೇಗದಲ್ಲಿ ಅದು ನೂರಕ್ಕೂ ಹೆಚ್ಚು ಗಡಿಯಾರದ ಏಟುಗಳು. ಅಲ್ಲಿ ಕ್ಯಾಶ್ ಬಿಟ್ಟುಕೊಡಲಾಗದು.

ಎರಡನೆಯ ಪ್ರಯೋಗ ಇದಕ್ಕಿಂತ ಸೂಕ್ಷ್ಮದ್ದು. ಪೈ ಬೋರ್ಡಿನ ಗ್ರಾಫಿಕ್ಸ್ ಭಾಗದ ಜತೆ ಮಾತಾಡಲು ಮೇಲ್‌ಬಾಕ್ಸ್ ಎಂಬ ವ್ಯವಸ್ಥೆ ಇದೆ. ಮೆಮೊರಿಯಲ್ಲಿ ಒಂದು ಕೋರಿಕೆ ಬರೆದು ಅದರ ವಿಳಾಸವನ್ನು ರಿಜಿಸ್ಟರ್‌ಗೆ ಹಾಕಬೇಕು. ವಿಳಾಸದ ಕೊನೆಯ ನಾಲ್ಕು ಬಿಟ್‌ಗಳಲ್ಲಿ ಚಾನೆಲ್ ಸಂಖ್ಯೆ ಕೂರುವುದರಿಂದ ಬಫರ್ 16 ಬೈಟ್‌ನ ಗಡಿಯಲ್ಲಿ ಶುರುವಾಗಬೇಕು. ಎಲ್ಲ ಉದಾಹರಣೆ ಕೋಡ್‌ಗಳಲ್ಲೂ ಹೀಗೇ ಇರುತ್ತದೆ, ಎಲ್ಲರೂ ಹಾಗೇ ನಕಲಿಸುತ್ತಾರೆ. ಗ್ರಾಫಿಕ್ಸ್ ಭಾಗ ಉತ್ತರ ಕೊಟ್ಟರೆ ಬಫರಿನ ಎರಡನೇ ಪದದ ತುತ್ತತುದಿಯ ಬಿಟ್ 1 ಆಗುತ್ತದೆ. ಕ್ಯಾಶ್ ಆಫ್ ಇರುವವರೆಗೆ ಎಲ್ಲ ಸುಸೂತ್ರ. ಕ್ಯಾಶ್ ಆನ್ ಮಾಡಿದ ದಿನ ಆ ಪದ ಸೊನ್ನೆಯಾಗಿಯೇ ಉಳಿಯುತ್ತದೆ. ಪ್ರೊಸೆಸರ್ ತಾನು ಮೊದಲು ಬರೆದ ಸೊನ್ನೆಯನ್ನೇ ಕ್ಯಾಶಿನಲ್ಲಿ ನೋಡುತ್ತಿದೆ. ಇಷ್ಟನ್ನು ಕಂಡುಹಿಡಿದ ಜಾಣರು ಕಳುಹಿಸುವ ಮೊದಲು ಕ್ಲೀನ್, ಓದುವ ಮೊದಲು ಇನ್‌ವ್ಯಾಲಿಡೇಟ್ ಸೇರಿಸುತ್ತಾರೆ, ಮೇಲ್‌ಬಾಕ್ಸ್ ಸರಿಹೋಗುತ್ತದೆ. ಮಾರನೆಯ ದಿನ ಮೇಲ್‌ಬಾಕ್ಸಿಗೆ ಏನೇನೂ ಸಂಬಂಧವಿಲ್ಲದ ಒಂದು ಕೌಂಟರ್ ಆಗೀಗ ಹಿಂದಕ್ಕೆ ಹೋಗಲು ಶುರುವಾಗುತ್ತದೆ. ಏಕೆ? ಬಫರ್ 16ರ ಗಡಿಯಲ್ಲಿದೆ, ಇನ್‌ವ್ಯಾಲಿಡೇಟ್ ಕೆಲಸ ಮಾಡುವುದು 64ರ ಲೆಕ್ಕದಲ್ಲಿ. ಬಫರಿನ ಪಕ್ಕದಲ್ಲಿ, ಅದೇ ಲೈನಿನಲ್ಲಿ, ಕಂಪೈಲರ್ ಆ ಕೌಂಟರನ್ನು ಇಟ್ಟಿದೆ. ನೀವು ಲೈನ್ ಹರಿದುಹಾಕಿದಾಗ ಅದರ ಹೊಸ ಬೆಲೆಯೂ ಹೋಯಿತು. ಪರಿಹಾರ ಸುಲಭ, ಬಫರನ್ನು 64ರ ಗಡಿಯಲ್ಲಿಟ್ಟು ಅದರ ಉದ್ದವನ್ನೂ 64ರ ಗುಣಕಕ್ಕೆ ಏರಿಸಬೇಕು. ಕಾರಣ ಹುಡುಕುವುದು ಮಾತ್ರ ಸುಲಭವಲ್ಲ, ತಪ್ಪು ಮಾಡಿದ ಕೋಡ್ ಒಂದು ಕಡೆ, ನೋವು ಕಾಣುವುದು ಇನ್ನೊಂದು ಕಡೆ. ಲಿನಕ್ಸ್‌ನ ಆರ್ಮ್64 ಭಾಗ ಬಹುಕಾಲ ಕೆಮಾಲಾಕ್ ಕೊಡುವ ಅತಿ ಸಣ್ಣ ತುಂಡನ್ನೂ 128 ಬೈಟ್‌ಗೆ ಹೊಂದಿಸುತ್ತಿತ್ತು. ಅಷ್ಟು ಮೆಮೊರಿ ಪೋಲಾದರೂ ಸರಿ, ಇಬ್ಬರು ಒಂದು ಲೈನ್ ಹಂಚಿಕೊಳ್ಳುವುದು ಬೇಡ ಎಂಬುದೇ ಅದರ ಹಿಂದಿನ ಲೆಕ್ಕ.

ಇದೇ ಜಾತಿಯ ಇನ್ನೊಂದು ತಪ್ಪು ನೆಟ್‌ವರ್ಕ್ ಡ್ರೈವರ್‌ಗಳಲ್ಲಿ ಕಾದಿರುತ್ತದೆ. ಇ1000ನ ಡಿಸ್ಕ್ರಿಪ್ಟರ್ 16 ಬೈಟ್, ಒಂದು ಲೈನಿನಲ್ಲಿ ನಾಲ್ಕು ಕೂರುತ್ತವೆ. ಪ್ರೊಸೆಸರ್ ಎರಡನೆಯದನ್ನು ತಿದ್ದುತ್ತಿರುವಾಗ ಡಿವೈಸ್ ಮೂರನೆಯದರಲ್ಲಿ ಮುಗಿಯಿತು ಎಂದು ಬರೆಯುತ್ತದೆ. ನಂತರ ಪ್ರೊಸೆಸರಿನ ಲೈನ್ ಮೆಮೊರಿಗೆ ಇಳಿದು ಡಿವೈಸ್ ಬರೆದದ್ದನ್ನು ಅಳಿಸಿಹಾಕುತ್ತದೆ. ಎಷ್ಟು ಶ್ರದ್ಧೆಯಿಂದ ಕ್ಲೀನ್, ಇನ್‌ವ್ಯಾಲಿಡೇಟ್ ಮಾಡಿದರೂ ಇದು ಸರಿಯಾಗದು, ಏಕೆಂದರೆ ಒಂದೇ ಲೈನಿಗೆ ಒಂದೇ ಹೊತ್ತಿನಲ್ಲಿ ಇಬ್ಬರು ಬರೆಯುವವರಿದ್ದಾರೆ. ಹಾಗಾಗಿಯೇ ಡಿಸ್ಕ್ರಿಪ್ಟರ್ ಸಾಲುಗಳಿಗೆ ಲಿನಕ್ಸ್‌ನಲ್ಲಿ ಡಿಎಂಎ_ಅಲಾಕ್_ಕೊಹೆರೆಂಟ್ ಬಳಸುತ್ತಾರೆ. ಇಂಥ ಬೋರ್ಡ್‌ಗಳಲ್ಲಿ ಅದು ಕ್ಯಾಶ್ ಆಗದ ಮೆಮೊರಿಯನ್ನೇ ಕೊಡುತ್ತದೆ.

ಪ್ಯಾಕೆಟ್ಟಿನ ಬಫರ್‌ಗಳ ನಿಯಮ ಬೇರೆ. ಅಲ್ಲಿ ಒಂದೇ ಪ್ರಶ್ನೆ: ಈ ಕ್ಷಣ ಈ ಬಫರ್ ಯಾರದು? ಡಿಎಂಎ_ಮ್ಯಾಪ್_ಸಿಂಗಲ್ ಕರೆದ ಕ್ಷಣದಿಂದ ಅದು ಡಿವೈಸಿನದು. ಅನ್‌ಮ್ಯಾಪ್ ಮಾಡುವವರೆಗೆ, ಅಥವಾ ಸಿಂಕ್ ಮಾಡಿ ಪ್ರೊಸೆಸರಿಗೆ ವಾಪಸು ಪಡೆಯುವವರೆಗೆ ಅದನ್ನು ಓದುವಂತಿಲ್ಲ, ಬರೆಯುವಂತಿಲ್ಲ, ಇಣುಕುವಂತೆಯೂ ಇಲ್ಲ. ಡಿವೈಸಿಗೆ ಡೇಟಾ ಹೋಗುವಾಗ ಮೊದಲು ಕ್ಲೀನ್ ಆದರೆ ಸಾಕು. ಡಿವೈಸಿನಿಂದ ಬರುವಾಗ ಮೊದಲೂ ಇನ್‌ವ್ಯಾಲಿಡೇಟ್ ಬೇಕು, ಡಿಎಂಎ ಮುಗಿದ ಮೇಲೆ ಮತ್ತೊಮ್ಮೆ ಬೇಕು. ಎರಡನೇ ಸಲ ಏಕೆಂದು ಕೇಳದವರನ್ನು ನಾನು ಕಂಡಿಲ್ಲ. ಇಂದಿನ ಪ್ರೊಸೆಸರ್‌ಗಳು ಮುಂದೆ ಬೇಕಾದೀತೆಂದು ತಾವಾಗಿಯೇ ಮೆಮೊರಿ ಓದಿ ಕ್ಯಾಶ್ ತುಂಬಿಕೊಳ್ಳುತ್ತವೆ. ನಿಮ್ಮ ಕೋಡ್ ಆ ಬಫರನ್ನು ಮುಟ್ಟದಿದ್ದರೂ ಡಿಎಂಎ ನಡೆಯುತ್ತಿರುವ ಹೊತ್ತಿನಲ್ಲೇ ಅರ್ಧ ಹಳೆಯ ಲೈನ್ ಕ್ಯಾಶ್‌ಗೆ ಬಂದು ಕುಳಿತಿರಬಹುದು. ಹಾಗಾದರೆ ಮೊದಲನೆಯದನ್ನು ಬಿಡಬಹುದೇ ಎಂದರೆ ಅದೂ ಆಗದು. ಬಫರಿನಲ್ಲಿ ನೀವು ಹಿಂದೆ ಬರೆದದ್ದೇನಾದರೂ ಕ್ಯಾಶಿನಲ್ಲಿ ಉಳಿದಿದ್ದರೆ, ಅದು ಡಿಎಂಎ ನಡುವೆ ಮೆಮೊರಿಗೆ ಇಳಿದು ಡಿವೈಸ್ ತಂದದ್ದರ ಮೇಲೆ ಕೂರುತ್ತದೆ.

ಇದೆಲ್ಲ ಡ್ರೈವರ್ ಹಂತದ ಮಾತಾಯಿತು. ಪೋರ್ಟ್ ಮಾಡುವವರಿಗೆ ಮೊದಲ ಹೊಡೆತ ಬೀಳುವುದು ಬೂಟ್‌ನಲ್ಲೇ. ಆರ್ಮ್64 ಲಿನಕ್ಸ್ ಬೂಟ್‌ಲೋಡರ್‌ಗೆ ಸ್ಪಷ್ಟವಾಗಿ ಷರತ್ತು ಹಾಕುತ್ತದೆ: ಎಂಎಂಯು ಆಫ್ ಇರಬೇಕು, ಕರ್ನಲ್ ಇಮೇಜ್ ಇರುವ ಜಾಗವನ್ನು ಮೆಮೊರಿಯವರೆಗೆ ಕ್ಲೀನ್ ಮಾಡಿರಬೇಕು, ಇನ್‌ಸ್ಟ್ರಕ್ಷನ್ ಕ್ಯಾಶಿನಲ್ಲಿ ಆ ಜಾಗದ ಹಳೆಯ ತುಣುಕು ಇರಬಾರದು. ಬೂಟ್‌ಲೋಡರ್ ಕರ್ನಲ್ ನಕಲಿಸಿದ್ದು ಡೇಟಾ ಕ್ಯಾಶ್ ಮೂಲಕ, ಪ್ರೊಸೆಸರ್ ಆಜ್ಞೆ ಓದುವುದು ಇನ್‌ಸ್ಟ್ರಕ್ಷನ್ ಕ್ಯಾಶ್ ಮೂಲಕ, ಆರ್ಮ್‌ನಲ್ಲಿ ಇವೆರಡೂ ತಾವಾಗಿ ಹೊಂದಿಕೊಳ್ಳುತ್ತವೆ ಎಂದು ನಂಬುವಂತಿಲ್ಲ. ಕರ್ನಲ್‌ನ ಮೊದಲ ಸಾಲು ಓಡಿ, ಹತ್ತನೆಯದು ಓಡಿ, ಎಲ್ಲೋ ನಡುವೆ ಅರ್ಥವಿಲ್ಲದ ಆಜ್ಞೆ ಸಿಕ್ಕು ಬಿದ್ದರೆ, ಬಿದ್ದ ವಿಳಾಸ ಪ್ರತಿ ಬೂಟ್‌ನಲ್ಲೂ ಬೇರೆಯಾಗಿದ್ದರೆ, ಇಲ್ಲಿಂದ ಹುಡುಕಲು ತೊಡಗಿ. ಇಡೀ ಕ್ಯಾಶನ್ನು ಸೆಟ್ ಮತ್ತು ವೇ ಲೆಕ್ಕದಲ್ಲಿ ಗುಡಿಸಿಹಾಕುವ ಹಳೆಯ ಕೋಡ್ ಸಿಕ್ಕರೆ ಅದನ್ನು ನಕಲಿಸಬೇಡಿ, ಹಲವು ಕೋರ್ ಇದ್ದಾಗ ಲೈನ್‌ಗಳು ಒಂದರಿಂದ ಇನ್ನೊಂದಕ್ಕೆ ಜಾರಿಕೊಳ್ಳುತ್ತವೆ. ವಿಳಾಸ ಹಿಡಿದೇ ಕ್ಲೀನ್ ಮಾಡಿ.

ಬೂಟ್‌ನ ಇನ್ನೊಂದು ಕಾಟ ಸ್ಪಿನ್‌ಲಾಕ್. ಎಂಎಂಯು ಆನ್ ಆಗುವ ಮೊದಲೇ ಲಾಕ್ ಹಿಡಿಯಲು ಹೋದ ಕರ್ನಲ್ ಅಲ್ಲೇ ಸುತ್ತುತ್ತ ನಿಲ್ಲುವುದನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. ಲಾಕ್ ತಪ್ಪಾಗಿಲ್ಲ. ಆರ್ಮ್‌ನ ಎಕ್ಸ್‌ಕ್ಲೂಸಿವ್ ಲೋಡ್, ಸ್ಟೋರ್ ಆಜ್ಞೆಗಳು ಸಾಮಾನ್ಯ ಕ್ಯಾಶ್ ಆಗುವ ಮೆಮೊರಿಯಲ್ಲಿ ಮಾತ್ರ ಖಾತ್ರಿಯಾಗಿ ನಡೆಯುತ್ತವೆ. ಎಂಎಂಯು ಆಫ್ ಇರುವಾಗ ಎಲ್ಲ ಡೇಟಾವನ್ನೂ ಪ್ರೊಸೆಸರ್ ಡಿವೈಸ್ ಮೆಮೊರಿ ಎಂದೇ ಕಾಣುತ್ತದೆ, ಸ್ಟೋರ್ ಎಂದೆಂದೂ ಗೆಲ್ಲದಿರಬಹುದು. ಕ್ಯಾಶ್ ಇದ್ದರೆ ತೊಂದರೆ ಎಂದು ಕಲಿತವರಿಗೆ, ಕ್ಯಾಶ್ ಇಲ್ಲದಿದ್ದರೂ ತೊಂದರೆ ಎಂಬುದು ಇಲ್ಲಿ ತಿಳಿಯುತ್ತದೆ.

ಇನ್ನು ಪತ್ತೆ ಮಾಡುವ ವಿಧಾನ. ಬಫರಿನ ಪ್ರತಿ ಪದದಲ್ಲೂ ಆ ಪದದ ಸ್ಥಾನಸಂಖ್ಯೆಯನ್ನೇ ಬರೆಯಿರಿ, ಮೇಲಿನ ಭಾಗದಲ್ಲಿ ಎಷ್ಟನೇ ಸುತ್ತಿನದೆಂದು ನಮೂದಿಸಿ. ಡೇಟಾ ಕೆಟ್ಟಾಗ ಕೆಟ್ಟದ್ದನ್ನು ಮಾತ್ರ ನೋಡಬೇಡಿ, ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ನೋಡಿ. ಶುರು 64ರ ಗಡಿಯಲ್ಲಿ, ಉದ್ದ 64ರ ಗುಣಕ, ಒಳಗಿರುವುದು ಹಿಂದಿನ ಸುತ್ತಿನ ಸರಿಯಾದ ಡೇಟಾ ಎಂದಾದರೆ ಕ್ಯಾಶ್ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಡೇಟಾ ಎಲ್ಲ ಹೊಸದೇ ಇದ್ದು, ಡಿವೈಸ್ ಮಾತ್ರ ಡಿಸ್ಕ್ರಿಪ್ಟರಿನ ವಿಳಾಸ ತುಂಬುವ ಮೊದಲೇ ಅದನ್ನು ಎತ್ತಿಕೊಂಡಂತೆ ಕಂಡರೆ ಅದು ಕ್ರಮದ ತಪ್ಪು, ಅಲ್ಲಿ ಬೇಕಾದದ್ದು ಬ್ಯಾರಿಯರ್. ಕ್ಲೀನ್ ಆದಮೇಲೂ ಡಿಎಸ್‌ಬಿ ಆಜ್ಞೆ ಇಲ್ಲದೆ ಡಿವೈಸಿನ ರಿಜಿಸ್ಟರ್ ಬರೆದರೆ, ಕ್ಲೀನ್ ಮುಗಿಯುವ ಮೊದಲೇ ಡಿವೈಸ್ ಹೊರಟಿರಬಹುದು. ಲಿನಕ್ಸ್‌ನ ರೈಟ್‌ಎಲ್ ಮೆಮೊರಿ ಬರಹಗಳ ನಂತರವೇ ರಿಜಿಸ್ಟರ್ ಬರಹ ಎಂಬ ಕ್ರಮವನ್ನು ನೋಡಿಕೊಳ್ಳುತ್ತದೆ, ರೈಟ್‌ಎಲ್_ರಿಲ್ಯಾಕ್ಸ್‌ಡ್ ನೋಡಿಕೊಳ್ಳುವುದಿಲ್ಲ. ವೇಗ ಹೆಚ್ಚಿಸಲೆಂದು ಎರಡನೆಯದನ್ನು ಹಾಕಿದ ಡ್ರೈವರ್ ಸಿಕ್ಕರೆ ಮೊದಲು ಅಲ್ಲಿ ಕಣ್ಣಿಡಿ.

ನಿಮ್ಮಲ್ಲಿ ಜೆಟ್ಯಾಗ್ ಇದ್ದು ಚಿಪ್‌ನಲ್ಲಿ ಸೌಲಭ್ಯವೂ ಇದ್ದರೆ ಒಂದೇ ವಿಳಾಸವನ್ನು ಎರಡು ದಾರಿಯಲ್ಲಿ ಓದಿ, ಒಮ್ಮೆ ಕೋರ್ ಮೂಲಕ, ಒಮ್ಮೆ ನೇರ ಸಿಸ್ಟಮ್ ಬಸ್ ಮೂಲಕ. ಕೋರ್ ತನ್ನ ಕ್ಯಾಶಿನಲ್ಲಿರುವುದನ್ನು ಹೇಳುತ್ತದೆ, ಬಸ್ ಮೆಮೊರಿಯಲ್ಲಿರುವುದನ್ನು. ಎರಡು ಉತ್ತರ ಬೇರೆ ಬಂದರೆ ವಾದ ಮುಗಿಯಿತು. ಲಿನಕ್ಸ್ ಆಗಿದ್ದರೆ ಡಿಎಂಎ ಎಪಿಐ ಡೀಬಗ್ ಆಯ್ಕೆ ಆನ್ ಮಾಡಿ ಕರ್ನಲ್ ಕಟ್ಟಿ. ಮ್ಯಾಪ್ ಮಾಡಿದ ಉದ್ದ ಬೇರೆ, ಅನ್‌ಮ್ಯಾಪ್ ಮಾಡಿದ ಉದ್ದ ಬೇರೆ ಎಂಬಂಥ ತಪ್ಪುಗಳನ್ನು ಅದೇ ಹಿಡಿದುಕೊಡುತ್ತದೆ. ಕ್ಯಾಶ್ ಆಫ್ ಮಾಡಿ ನೋಡುವುದೂ ಒಳ್ಳೆಯ ಪರೀಕ್ಷೆಯೇ, ಪರೀಕ್ಷೆಯಾಗಿ ಮಾತ್ರ. ತಪ್ಪು ಹೋಯಿತೆಂದರೆ ಕ್ಯಾಶ್ ಮತ್ತೆ ಆನ್ ಮಾಡಿ, ಒಂದು ಸಲಕ್ಕೆ ಒಂದೇ ಆಜ್ಞೆ ಸೇರಿಸುತ್ತ, ಯಾವುದು ತಪ್ಪನ್ನು ನಿಲ್ಲಿಸಿತು, ಏಕೆ ನಿಲ್ಲಿಸಿತು ಎಂದು ಬರೆದಿಡಿ.

ಇದು ಹೊಸ ಕಾಟವಲ್ಲ, ನಮ್ಮ ರಾಜ್ಯಕ್ಕೂ ಹೊಸದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ಜನರ ಮುಂದಿಟ್ಟರು. ಅದರಲ್ಲಿದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110, ಮೇಲೆ ಲಿನಕ್ಸ್. ಆ ಚಿಪ್‌ನಲ್ಲಿ 16 ಕಿಲೋಬೈಟ್ ಇನ್‌ಸ್ಟ್ರಕ್ಷನ್ ಕ್ಯಾಶ್, 8 ಕಿಲೋಬೈಟ್ ಡೇಟಾ ಕ್ಯಾಶ್, ಜತೆಗೆ 512 ಬೈಟ್‌ನ ಒಂದು ಪುಟಾಣಿ ಕ್ಯಾಶ್. ಅದರ ಕ್ಯಾಶ್ ವರ್ಚುವಲ್ ವಿಳಾಸದ ಮೇಲೆ ನಡೆಯುತ್ತಿದ್ದುದರಿಂದ ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ಹೋಗುವಾಗಲೂ ಲಿನಕ್ಸ್ ಅದನ್ನು ಖಾಲಿ ಮಾಡಬೇಕಿತ್ತು, ಡಿಎಂಎ ಇರಲಿ ಇಲ್ಲದಿರಲಿ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬರಹವನ್ನು ಓದಿ ಹೇಳುವ ‘ಧ್ವನಿ’ ತಂತ್ರಾಂಶ ಹುಟ್ಟಿದ್ದು ಆ ಯಂತ್ರಕ್ಕಾಗಿ. ಡಿಎಂಎ ದಾರಿಯಲ್ಲಿ ಹೋಗುವ ಧ್ವನಿಯ ಮಾದರಿಗಳನ್ನು ಕ್ಲೀನ್ ಮಾಡದೆ ಕಳುಹಿಸಿದರೆ ಮಾತಿನ ನಡುವೆ ಹಿಂದಿನ ಅಕ್ಷರದ ಚೂರು ಕೇಳಿಸುತ್ತದೆ. ಯಂತ್ರದ ಬಾಯಲ್ಲಿ ಕನ್ನಡ ಸರಿಯಾಗಿ ಹೊರಡಲು ಕೂಡ ಯಾರೋ ಒಬ್ಬರು ಕ್ಯಾಶ್ ಲೈನ್‌ಗಳ ಲೆಕ್ಕ ಇಟ್ಟಿರಲೇಬೇಕು.

ಈಗ ರಿಸ್ಕ್-ಫೈವ್ ಕಾಲ. 2022ರಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ಇಂಡಿಯಾ ರಿಸ್ಕ್-ಫೈವ್ ಕಾರ್ಯಕ್ರಮ ಶುರುಮಾಡಿತು. ಐಐಟಿ ಮದ್ರಾಸಿನ ಶಕ್ತಿ, ಸಿಡ್ಯಾಕ್‌ನ ವೇಗ ಪ್ರೊಸೆಸರ್‌ಗಳು ನಿಮ್ಮ ಕೈಗೆ ಬರುವ ದಿನಗಳಿವು. ಈ ಲೋಕದಲ್ಲಿ ಕ್ಯಾಶ್ ನಿರ್ವಹಣೆಯ ಆಜ್ಞೆಗಳಿಗೆ ಒಂದು ಸಾಮಾನ್ಯ ರೂಪ ಬಂದು ಅದು ಲಿನಕ್ಸ್‌ಗೆ ಸೇರಿದ್ದು 2022ರ ಹೊತ್ತಿಗಷ್ಟೇ. ಅದಕ್ಕೆ ಮೊದಲೇ ಬಂದ ಚಿಪ್‌ಗಳು ತಮ್ಮ ತಮ್ಮ ದಾರಿ ಹಿಡಿದವು. ಆಲ್‌ವಿನ್ನರ್ ಡಿ1ರಲ್ಲಿರುವ ಸಿ906 ಕೋರ್‌ನ ಕ್ಯಾಶ್ ಆಜ್ಞೆಗಳು ಅದಕ್ಕೇ ಮೀಸಲು. ಸ್ಟಾರ್‌ಫೈವ್ ಜೆಎಚ್7100ನಲ್ಲಿ ಎರಡನೇ ಹಂತದ ಕ್ಯಾಶಿನ ರಿಜಿಸ್ಟರಿಗೆ ವಿಳಾಸ ಬರೆದು ಲೈನನ್ನು ಹೊರಗೆ ಹಾಕಬೇಕು. ಒಂದು ಎಚ್ಚರಿಕೆಯನ್ನಂತೂ ಬರೆದಿಟ್ಟುಕೊಳ್ಳಿ: ಲಿನಕ್ಸ್‌ನ ಡಿವೈಸ್ ಟ್ರೀಯಲ್ಲಿ ಏನೂ ಹೇಳದಿದ್ದರೆ ಆರ್ಮ್‌ನಲ್ಲಿ ಡಿವೈಸ್ ಕ್ಯಾಶ್ ಜತೆ ಹೊಂದಿಕೊಳ್ಳುವುದಿಲ್ಲ ಎಂದು ಅರ್ಥ, ರಿಸ್ಕ್-ಫೈವ್‌ನಲ್ಲಿ ಹೊಂದಿಕೊಳ್ಳುತ್ತದೆ ಎಂದು ಅರ್ಥ. ಆರ್ಮ್ ಬೋರ್ಡಿನ ಫೈಲನ್ನು ನೋಡಿಕೊಂಡು ರಿಸ್ಕ್-ಫೈವ್ ಫೈಲ್ ಬರೆದವರು ಡಿಎಂಎ-ನಾನ್‌ಕೊಹೆರೆಂಟ್ ಎಂಬ ಒಂದು ಸಾಲು ಬಿಟ್ಟುಬಿಟ್ಟರೆ ಡ್ರೈವರ್ ಎಷ್ಟೇ ಸರಿಯಿದ್ದರೂ ಕರ್ನಲ್ ಒಂದು ಲೈನನ್ನೂ ಕ್ಲೀನ್ ಮಾಡುವುದಿಲ್ಲ.

ಉಡುಪಿಯಲ್ಲಿ 1996ರಷ್ಟು ಹಿಂದೆಯೇ ರೋಬೋಸಾಫ್ಟ್‌ನವರು ಮ್ಯಾಕ್‌ಗೆ ಸಾಫ್ಟ್‌ವೇರ್ ಬರೆಯುತ್ತ ಹೊರಟವರು. 1957ರಷ್ಟು ಹಳೆಯದಾದ ಮಣಿಪಾಲದ ಎಂಐಟಿಯಲ್ಲಿ ವಿದ್ಯಾರ್ಥಿಗಳೇ ಪರೀಕ್ಷಿತ್ ಎಂಬ ಪುಟ್ಟ ಉಪಗ್ರಹಕ್ಕೆ ಕೈಹಾಕಿದ್ದಾರೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರೆ ಅಲ್ಲಿಯ ಚಿಪ್ ಕಂಪನಿಗಳಲ್ಲಿ ಕಾರ್ಕಳ, ಕುಂದಾಪುರದವರು ಕೂಗಳತೆಯಲ್ಲೇ ಸಿಗುತ್ತಾರೆ. ನಮ್ಮ ಜಿಲ್ಲೆಗೆ ಈ ಕೆಲಸ ದೂರದ್ದಲ್ಲ. ಉಪಗ್ರಹಕ್ಕಾಗಲೀ ಆಸ್ಪತ್ರೆಯ ಉಪಕರಣಕ್ಕಾಗಲೀ ಕರ್ನಲ್ ಬರೆಯುವಾಗ ಹತ್ತು ಮಿಲಿಸೆಕೆಂಡಿನ ಡಿಲೇ ಯಾವ ದಿನ ಸಾಲದೆ ಬರುತ್ತದೆಂದು ಯಾರೂ ಹೇಳಲಾರರು, ಅಲ್ಲಿ ಹೋಗಿ ಜೆಟ್ಯಾಗ್ ಹಾಕುವುದೂ ಆಗದು.

ನಿಮ್ಮ ಮೇಷ್ಟ್ರುಗಳಿಗೂ ಒಂದು ಮಾತು ತಲುಪಿಸಿ. ಎಂಬೆಡೆಡ್ ಲ್ಯಾಬಿನಲ್ಲಿ ಕ್ಯೂಎಮು ಜತೆಗೆ, ಹಾರ್ಡ್‌ವೇರ್ ತಾನಾಗಿ ಕ್ಯಾಶ್ ಹೊಂದಿಸಿಕೊಡದ ಬೋರ್ಡ್ ಒಂದಾದರೂ ಇರಲಿ. ಪೈ 3 ಸಾಕು, ದುಬಾರಿಯದ್ದೇನೂ ಬೇಡ. ಫ್ರೇಮ್‌ಬಫರಿನ ಹದಿನಾರು ಪಿಕ್ಸೆಲ್ ಗೆರೆಯ ಪ್ರಯೋಗಕ್ಕೆ ಒಂದು ಲ್ಯಾಬ್ ಅವಧಿ ಕೊಡಲಿ. ಮತ್ತು ಅಂಕ ಕೊಡುವಾಗ, ಕೆಲಸ ಮಾಡುವ ಡ್ರೈವರ್‌ಗೆ ಎಷ್ಟು ಕೊಡುತ್ತಾರೋ ಅಷ್ಟನ್ನೇ, ಕೆಲಸ ಮಾಡದ ಡ್ರೈವರ್ ಏಕೆ ಕೆಲಸ ಮಾಡುತ್ತಿಲ್ಲ ಎಂದು ಬೈಟ್ ಬೈಟ್ ಆಗಿ ತೋರಿಸಿಕೊಟ್ಟ ವರದಿಗೂ ಕೊಡಲಿ. ಡಿಲೇ ಹಾಕುವುದು ಯಾರ ಸೋಮಾರಿತನವೂ ಅಲ್ಲ, ಡೆಮೊ ದಿನದ ಹೆದರಿಕೆ. ಆ ಹೆದರಿಕೆ ಕಡಿಮೆ ಮಾಡುವ ಅಧಿಕಾರ ಮೇಷ್ಟ್ರ ಕೈಯಲ್ಲಿದೆ.

ನಿಮ್ಮಿಂದ ಕೇಳುವುದು ಇಷ್ಟು. ಈ ಸಲದ ಪ್ರಾಜೆಕ್ಟ್ ವರದಿಗೆ ಒಂದು ಪುಟ ಸೇರಿಸಿ. ನಿಮ್ಮ ಡ್ರೈವರ್ ಬಳಸುವ ಪ್ರತಿ ಬಫರಿನ ಹೆಸರು ಬರೆಯಿರಿ. ಅದು ಕ್ಯಾಶ್ ಆಗುವುದೋ ಅಲ್ಲವೋ, ಯಾವ ಗಡಿಯಲ್ಲಿ ಶುರುವಾಗುತ್ತದೆ, ಯಾವ ಸಾಲಿನಲ್ಲಿ ಡಿವೈಸಿನ ಕೈಗೆ ಹೋಗುತ್ತದೆ, ಯಾವ ಸಾಲಿನಲ್ಲಿ ವಾಪಸು ಬರುತ್ತದೆ ಎಂದು ಬರೆಯಿರಿ. ಡಿಲೇ ಉಳಿದಿದ್ದರೆ ಅದರ ಮುಂದೆ ಡಿವೈಸಿನ ಡೇಟಾಶೀಟ್‌ನ ಯಾವ ಪುಟ ಅದನ್ನು ಕೇಳುತ್ತದೆ ಎಂದು ನಮೂದಿಸಿ. ಪುಟ ಸಿಗದಿದ್ದರೆ ಡಿಲೇ ತೆಗೆದು ಬೋರ್ಡ್ ಮತ್ತೆ ಬೂಟ್ ಮಾಡಿ.

ಇತಿ ನಿಮ್ಮವನು,
ಕಾಪುವಿನ ಒಬ್ಬ ಕರ್ನಲ್ ಎಂಜಿನಿಯರ್